ಸೆಲ್ಫ್ ಮೋಟಾರು ಬಿಚ್ಚಿದ ಎರಡು ಶನಿವಾರ

ಆಷಾಢದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಬೈಕಿನ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿನ ಗುಂಡಿ ಒತ್ತಿದೆ. ಸೀಟಿನ ಕೆಳಗಿನಿಂದ ‘ಟಿಕ್’ ಎಂದಿತು, ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ‘ಟಿಕ್’. ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆಯೇ, “ಸ್ಪ್ಯಾನರಿನ ಹಿಂಬದಿಯಿಂದ ಮೋಟಾರಿನ ಬೆನ್ನಿಗೆ ಎರಡು ಕೊಡು” ಎಂದರು. ಕೊಟ್ಟೆ. ಮಲಗಿದ್ದ ಎಮ್ಮೆ ಏಟು ತಿಂದು ಎದ್ದಂತೆ ಮೋಟಾರು ಎದ್ದು ಎಂಜಿನ್ನನ್ನು ತಿರುಗಿಸಿತು. ಆಮೇಲಿನ ಮೂರು ವಾರ ಇದೇ ನಿತ್ಯಪೂಜೆ. ಕೊನೆಕೊನೆಗೆ ಎರಡು ಏಟು ಸಾಲದೆ ಏಳೆಂಟಕ್ಕೆ ಹೋಯಿತು. ಎದುರುಮನೆಯವರು, “ಏನು ಸಾರ್, ಬೆಳಿಗ್ಗೆ ಬೆಳಿಗ್ಗೆ ಕುಲುಮೆ ತೆಗೆದಿದ್ದೀರಾ?” ಎಂದು ಕೇಳತೊಡಗಿದರು.

ಬೈಕು 2005ರದ್ದು, ಅಪ್ಪ ಕೊಂಡದ್ದು. ಕೆಎ 05 ಎಂದು ಆರಂಭವಾಗುವ ನಂಬರು. ಹದಿನೈದು ವರ್ಷ ತುಂಬಿದ 2020ರಲ್ಲಿ ಒಮ್ಮೆ, ಮತ್ತೆ ಐದು ವರ್ಷ ಕಳೆದ 2025ರಲ್ಲಿ ಇನ್ನೊಮ್ಮೆ ನೋಂದಣಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ ಬಂದಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೆ ಗುಜರಿಗೆ ಹಾಕುವ ಮಾತು ನಮ್ಮ ಮನೆಯಲ್ಲಿ ಹೆಂಡತಿಯನ್ನು ಬಿಟ್ಟರೆ ಬೇರೆ ಯಾರೂ ಆಡುವುದಿಲ್ಲ. ಕಿಕ್ಕರ್ ಇದೆ. ಆದರೆ ನನ್ನ ಬಲ ಮಂಡಿಗೆ ಎರಡು ವರ್ಷದ ಹಿಂದೆ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾಗಿದೆ. ನಡೆಯಬಹುದು, ಸೈಕಲ್ ತುಳಿಯಬಹುದು, ಕಿಕ್ ಮಾತ್ರ ಹೊಡೆಯಬಾರದು ಎಂದು ವೈದ್ಯರು ಬರೆದೇ ಕೊಟ್ಟಿದ್ದಾರೆ. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಮಗ್ಗುಲಿಗೆ. ಯಾವ ಬೀದಿಗೆ ಹೋದರೂ ಇಳಿಜಾರು. ಮೋಟಾರು ಪೂರ್ತಿ ಮುಷ್ಕರ ಹೂಡಿದ ದಿನ ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು ಉರುಳಿಸಿಕೊಂಡು ಹೋಗಿ ಫಕ್ಕನೆ ಬಿಟ್ಟರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಮನೆಯಿಂದ ಹೊರಡುವುದಕ್ಕೇನೋ ಇದು ಸರಿ. ಸಮತಟ್ಟಾದ ಕಚೇರಿಯ ಪಾರ್ಕಿಂಗಿನಿಂದ ವಾಪಸ್ ಹೊರಡುವುದು ಹೇಗೆ?

ಅಪ್ಪನಿಗೆ ಇದೆಲ್ಲ ತಮಾಷೆ. ಅವರ ಯೌವನವೆಲ್ಲ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾದ ಮೇಲೆ ಕಳೆದದ್ದು. ಅದರಲ್ಲಿ ಕಿಕ್ಕರೂ ಗೇರಿನ ಲಿವರೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರು. “ಗುಂಡಿ ಬಂದ ಮೇಲೆ ನಿಮ್ಮ ಮಂಡಿಗಳು ಹೋದವು” ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 1912ರ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಮಾಡಿಕೊಡುವವರೆಗೆ ಕೈಯಿಂದ ಹ್ಯಾಂಡಲ್ ತಿರುಗಿಸುವಾಗ ಎಂಜಿನ್ ತಿರುಗೇಟು ಕೊಟ್ಟು ಮಣಿಕಟ್ಟು ಮುರಿದುಕೊಂಡವರು ಎಷ್ಟೋ ಜನ. ಅವರ ಪರವಾಗಿ ನಾನು ಗುಂಡಿಯ ಪಕ್ಷ.

ಬೀದಿ ಕೊನೆಯ ಗ್ಯಾರೇಜಿನಲ್ಲಿ ತೋರಿಸಿದೆ. ಹುಡುಗ ಗುಂಡಿ ಒತ್ತಿ, ಕಿವಿಗೊಟ್ಟು, “ಮೋಟಾರು ಹೋಗಿದೆ ಸಾರ್, ಪೂರ್ತಿ ಸೆಟ್ ಬದಲಾಯಿಸಬೇಕು. ಕೂಲಿ ಸೇರಿ ಮೂರು ಸಾವಿರ” ಎಂದ. ಎರಡು ವಾರದ ಹಿಂದೆ ಇದೇ ಹುಡುಗ, ಇದೇ ಧಾಟಿಯಲ್ಲಿ, “ಬ್ಯಾಟರಿ ಹೋಗಿದೆ ಸಾರ್” ಎಂದಿದ್ದ. ಬ್ಯಾಟರಿ ಹೊಸದಾಗಿತ್ತು, ಟಿಕ್ ಹಳೆಯದೇ ಉಳಿದಿತ್ತು. ಈ ಸಲ ಮೊದಲು ನಾನೇ ನೋಡುತ್ತೇನೆ ಎಂದು ಬೈಕನ್ನು ಇಳಿಜಾರಿನಲ್ಲಿ ಉರುಳಿಸಿಕೊಂಡು ಮನೆಗೆ ಬಂದೆ.

ಎಸ್.ಪಿ. ರಸ್ತೆಯಲ್ಲಿ ಯಾವ ಕಾಲದಲ್ಲೋ ಕೊಂಡ ಮಲ್ಟಿಮೀಟರ್ ಮನೆಯಲ್ಲಿತ್ತು. ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್. ಮಗಳಿಗೆ ಗುಂಡಿ ಒತ್ತಲು ಹೇಳಿ ಮತ್ತೆ ನೋಡಿದೆ: ಟಿಕ್ ಎಂದಾಗಲೂ 12.6. ನನಗೆ ಅನುಮಾನ ಬಂದದ್ದು ಇಲ್ಲಿ. ಮೋಟಾರು ಬಿಗಿದುಕೊಂಡಿದ್ದರೆ ಅದು ಬ್ಯಾಟರಿಯ ಜೀವ ಹೀರಿ ವೋಲ್ಟೇಜನ್ನು ಪಾತಾಳಕ್ಕೆ ಇಳಿಸಬೇಕು. ಬ್ಯಾಟರಿ ಸತ್ತಿದ್ದರೂ ಅದೇ ಕಥೆ. ಇಲ್ಲಿ ಇಳಿದದ್ದು ಒಂದೇ ಹನಿ. ಅಂದರೆ ಮೋಟಾರಿನೊಳಗೆ ಕರೆಂಟು ಹರಿಯುತ್ತಲೇ ಇಲ್ಲ. ಮೀಟರಿನ ಕೆಂಪು ಮುಳ್ಳನ್ನು ಮೋಟಾರಿನ ಟರ್ಮಿನಲ್ಲಿಗೇ ಇಟ್ಟು, ಕಪ್ಪನ್ನು ಅದರ ಮೈಗೆ ಇಟ್ಟು ಇನ್ನೊಮ್ಮೆ ಒತ್ತಿಸಿದೆ. 12.5. ರಿಲೇ, ಅಂದರೆ ‘ಟಿಕ್’ ಎನ್ನುತ್ತ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು, ತನ್ನ ಕೆಲಸ ಮಾಡುತ್ತಿದೆ, ಕರೆಂಟು ಮೋಟಾರಿನ ಬಾಗಿಲವರೆಗೆ ಬಂದು ನಿಂತಿದೆ, ಒಳಗೆ ಯಾರೂ ಬಾಗಿಲು ತೆಗೆಯುತ್ತಿಲ್ಲ. ಸ್ಪ್ಯಾನರಿನ ಏಟಿಗೆ ಏಳುವ ಅಭ್ಯಾಸವನ್ನೂ ಇದಕ್ಕೆ ಸೇರಿಸಿದರೆ ಆರೋಪಿ ಬಹುತೇಕ ಖಚಿತ: ಕಾರ್ಬನ್ ಬ್ರಷ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟು ದಾಟಿಸುವ ಸಣ್ಣ ಕಪ್ಪು ತುಂಡು.

ಮೊದಲ ಶನಿವಾರ ಬಿಚ್ಚಿದೆ. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ತೆಗೆಯಬೇಕು. ಪ್ಲಸ್ ಮೊದಲು ತೆಗೆಯಲು ಹೋಗಿ ಸ್ಪ್ಯಾನರು ಚಾಸಿಗೆ ತಗುಲಿದರೆ ದೀಪಾವಳಿ. ಮೋಟಾರಿನ ತಂತಿಗೆ ಒಂದು ನಟ್ಟು, ಅದನ್ನು ಎಂಜಿನ್ನಿಗೆ ಹಿಡಿದಿಡಲು ಎರಡು ಬೋಲ್ಟು, ಅಷ್ಟೇ. ಆದರೆ ಇಪ್ಪತ್ತು ವರ್ಷ ಒಂದೇ ಕಡೆ ಕೂತ ರಬ್ಬರಿನ ಓ ರಿಂಗ್ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಡಕ್ಕೆ ಬಲಕ್ಕೆ ಅಲುಗಾಡಿಸುತ್ತ, ಹಾಲುಹಲ್ಲು ಕೀಳುವಂತೆ, ಅರ್ಧ ಗಂಟೆ ಒದ್ದಾಡಿದ ಮೇಲೆ ಕೈಗೆ ಬಂತು. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಮೆತುವಾದ ಅಲ್ಯೂಮಿನಿಯಂ ಅಂಚಿಗೆ ಗಾಯವಾದರೆ ಆಮೇಲೆ ಆಯಿಲು ಸೋರುತ್ತದೆ.

ಮೋಟಾರೆಂದರೆ ಒಂದು ಸಿಲಿಂಡರಿನಾಕಾರದ ಕೊಳವೆ, ಎರಡು ತುದಿಗೆ ಎರಡು ಮುಚ್ಚಳ, ಮೂರನ್ನೂ ಸೇರಿಸಿ ಹಿಡಿಯುವ ಎರಡು ಉದ್ದ ಬೋಲ್ಟು. ಬಿಚ್ಚುವ ಮೊದಲು ಕೊಳವೆ ಮತ್ತು ಮುಚ್ಚಳ ಕೂಡುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡೆ. ಮೊಬೈಲಿನಲ್ಲಿ ಫೋಟೋ ತೆಗೆದೆ. ಬಲು ಶಿಸ್ತಿನ ಮನುಷ್ಯ ನಾನು ಎಂದು ಹೆಮ್ಮೆಪಟ್ಟೆ. ಈ ಹೆಮ್ಮೆಗೆ ಮುಂದೆ ಕಂದಾಯ ಕಟ್ಟಬೇಕಾಯಿತು.

ಹಿಂದಿನ ಮುಚ್ಚಳ ತೆಗೆದರೆ ಒಳಗೆಲ್ಲ ಕಾಡಿಗೆ. ಪುಡಿಯಾಗಿದ್ದರೆ ಊದಿ ಬಿಡಬಹುದಿತ್ತು. ಇದು ಅಂಟಂಟು ಕಾಡಿಗೆ. ಎಂಜಿನ್ ಕಡೆಯ ಆಯಿಲ್ ಸೀಲಿನ ತುಟಿ ಸವೆದು ಆಯಿಲು ಒಳಕ್ಕೆ ಜಿನುಗಿದೆ, ಬ್ರಷ್ ಸವೆದ ಪುಡಿಯೊಂದಿಗೆ ಕಲಸಿಕೊಂಡು ಹಿಟ್ಟಾಗಿದೆ. ಬ್ರಷ್ಷುಗಳು ಎರಡು. ಒಂದು ಇನ್ನೂ ಆರು ಮಿಲಿಮೀಟರ್ ಇತ್ತು. ಇನ್ನೊಂದನ್ನು ವರ್ನಿಯರ್‌ನಲ್ಲಿ ಅಳೆದರೆ ನಾಲ್ಕೂವರೆ. ಅದೂ ತನ್ನ ಗೂಡಿನಲ್ಲಿ ಅಂಟಿಗೆ ಸಿಕ್ಕಿ ನಿಂತುಬಿಟ್ಟಿದೆ, ಬೆನ್ನ ಮೇಲಿನ ಸ್ಪ್ರಿಂಗಿನ ತೋಳು ಬ್ರಷ್ಷನ್ನು ಒತ್ತುವ ಬದಲು ಗೂಡಿನ ಅಂಚಿನ ಮೇಲೆ ಆರಾಮವಾಗಿ ಕೂತಿದೆ. ಬ್ರಷ್ಷಿಗೂ ಅದು ಉಜ್ಜಬೇಕಾದ ತಾಮ್ರಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಸ್ಪ್ಯಾನರಿನಿಂದ ಹೊಡೆದಾಗ ಜಿಗಿದು ಅದೊಂದು ಕ್ಷಣ ತಾಗುತ್ತಿತ್ತು, ಅಷ್ಟಕ್ಕೆ ಎಂಜಿನ್ ತಿರುಗುತ್ತಿತ್ತು. ಮೂರು ವಾರದ ಕುಲುಮೆ ಕೆಲಸದ ಒಳಗುಟ್ಟು ಇದು. ಅಪ್ಪನನ್ನು ಕರೆದು ತೋರಿಸಿದೆ. ಕನ್ನಡಕ ಮೇಲಕ್ಕೇರಿಸಿ ನೋಡಿ, “ಇಷ್ಟೇನಾ?” ಎಂದರು.

ಇಷ್ಟೇ ಆಗಿರಲಿಲ್ಲ. ಆರ್ಮೇಚರ್, ಅಂದರೆ ತಂತಿಯ ಸುರುಳಿ ಸುತ್ತಿದ ತಿರುಗುವ ಭಾಗವನ್ನು ಹೊರತೆಗೆಯುವಾಗ ಕೊಳವೆಯೊಳಗಿನ ಅಯಸ್ಕಾಂತಗಳು ಅದನ್ನು ಬಿಡಲಾರೆವೆಂದು ಎಳೆಯುತ್ತವೆ. ಎರಡು ತುದಿಯಲ್ಲೂ ತೆಳುವಾದ ವಾಷರುಗಳಿರುತ್ತವೆ, ಯಾವ ತುದಿಗೆ ಎಷ್ಟು, ಯಾವುದರ ಮೇಲೆ ಯಾವುದು ಎಂದು ಬರೆದಿಟ್ಟುಕೊಳ್ಳಬೇಕು. ನಾನು ದಾರಕ್ಕೆ ಪೋಣಿಸಿ ಎರಡು ಗಂಟು ಕಟ್ಟಿಟ್ಟೆ. ಕಮ್ಯುಟೇಟರ್, ಅಂದರೆ ಬ್ರಷ್ಷುಗಳು ಉಜ್ಜುವ ತಾಮ್ರದ ಪಟ್ಟಿಗಳ ಬಳೆ, ಇದ್ದಿಲಿನಂತೆ ಕಪ್ಪಾಗಿತ್ತು. ಪಟ್ಟಿಗಳ ನಡುವೆ ಕಾಲುವೆಯಂತೆ ತಗ್ಗು ಇರಬೇಕು. ಅಲ್ಲಿ ಮೈಕಾ ಎಂದೇ ಎಲ್ಲರೂ ಕರೆಯುವ ನಿರೋಧಕ ವಸ್ತು ತಾಮ್ರದ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು. ತಾಮ್ರ ಸವೆಯುತ್ತ ಬಂದು ಇಲ್ಲಿ ಎರಡೂ ಸಮವಾಗಿದ್ದವು. ಹಾಗಾದರೆ ಗಟ್ಟಿ ಮೈಕಾ ಬ್ರಷ್ಷನ್ನು ತಾಮ್ರಕ್ಕೆ ಸರಿಯಾಗಿ ತಾಗಲು ಬಿಡುವುದಿಲ್ಲ, ಕಿಡಿ ಹಾರುತ್ತದೆ, ಬ್ರಷ್ಷೂ ಬೇಗ ಸವೆಯುತ್ತದೆ.

ಮೀಟರಿನ ಪರೀಕ್ಷೆಯಲ್ಲಿ ಆರ್ಮೇಚರ್ ಪಾಸಾಯಿತು. ಪಕ್ಕಪಕ್ಕದ ಪಟ್ಟಿಗಳ ನಡುವೆ ಸಂಪರ್ಕ ಇರಬೇಕು, ಇತ್ತು. ಯಾವ ಪಟ್ಟಿಗೂ ಶಾಫ್ಟಿಗೂ ನಡುವೆ ಸಂಪರ್ಕ ಇರಬಾರದು, ಇರಲಿಲ್ಲ. ಆದರೆ ಸುರುಳಿಯೊಳಗೆ ಎರಡು ಸುತ್ತು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಸಾಧಾರಣ ಮೀಟರಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ಆರ್ಮೇಚರನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟು ಬಿಎಂಟಿಸಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಚೀಲದಿಂದ ಬರುತ್ತಿದ್ದ ಆಯಿಲಿನ ವಾಸನೆಗೆ ಮುಖ ತಿರುಗಿಸಿ ಕಿಟಕಿ ತೆರೆದರು.

ಕಲಾಸಿಪಾಳ್ಯದ ಒಂದು ಸಂದಿಯಲ್ಲಿ ವೈಂಡಿಂಗ್ ಅಂಗಡಿ. ಮುಂದೆ ತಾಮ್ರದ ತಂತಿಯ ಉಂಡೆಗಳು, ಒಳಗೆ ವಾರ್ನಿಷ್ ವಾಸನೆ, ಎಪ್ಪತ್ತರ ಅಂಚಿನ ಯಜಮಾನರು. ಮೇಜಿನ ಮೇಲೆ ಗ್ರೌಲರ್ ಇತ್ತು: ಎರಡು ದವಡೆ ತೆರೆದಂತಿರುವ ಕಬ್ಬಿಣದ ತಿರುಳು, ಅದಕ್ಕೆ ಸುತ್ತಿದ ಸುರುಳಿಗೆ ಮನೆಯ ಕರೆಂಟು. ಆರ್ಮೇಚರನ್ನು ದವಡೆಯ ನಡುವೆ ಮಲಗಿಸಿ ಸ್ವಿಚ್ ಹಾಕಿದರು. ಗುರ್ ಎಂದು ಗುನುಗತೊಡಗಿತು. ಒಂದು ಹ್ಯಾಕ್ಸಾ ಬ್ಲೇಡನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಆರ್ಮೇಚರಿನ ನೆತ್ತಿಯ ಮೇಲೆ ಉದ್ದಕ್ಕೆ ಆಡಿಸುತ್ತ, ಇನ್ನೊಂದು ಕೈಯಿಂದ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. “ಶಾರ್ಟ್ ಇರುವ ಕಡೆ ಬ್ಲೇಡು ಕಪ್ಪೆಯ ಹಾಗೆ ಕುಣಿಯುತ್ತದೆ. ನಿಮ್ಮದು ನೋಡಿ, ಸುಮ್ಮನಿದೆ” ಎಂದರು. ಲೇತಿಗೆ ಕೊಟ್ಟು ಕಮ್ಯುಟೇಟರನ್ನು ಚೂರು ಹೆರೆಸಲೇ ಎಂದು ಕೇಳಿದೆ. ಉಗುರಿನಿಂದ ಅದರ ಸುತ್ತ ಸವರಿ, “ದುಂಡಗೇ ಇದೆ. ಇರುವ ತಾಮ್ರವನ್ನು ಯಾಕೆ ಕಳೆದುಕೊಳ್ಳುತ್ತೀರಿ? ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಕಾಲುವೆ ತೋಡಿ, ಸಾಕು. ಎಮರಿ ಮಾತ್ರ ಬೇಡ. ಅದರ ಪುಡಿ ಕಾಲುವೆಯಲ್ಲಿ ಕೂತರೆ ಕರೆಂಟಿಗೆ ಸೇತುವೆ ಕಟ್ಟಿಕೊಟ್ಟಂತೆ” ಎಂದರು. ಐವತ್ತು ರೂಪಾಯಿ ತೆಗೆದುಕೊಂಡು, ಫೋನ್ ನಂಬರನ್ನೂ ಕೊಟ್ಟರು.

ಅಲ್ಲಿಂದ ಜೆ.ಸಿ. ರಸ್ತೆಗೆ ನಡೆದರೆ ಹತ್ತು ನಿಮಿಷ. ಮೂರು ಅಂಗಡಿಯಲ್ಲಿ “ಬ್ರಷ್ ಬರುವುದಿಲ್ಲ, ಮೋಟಾರು ಕೊಡುತ್ತೇನೆ” ಎಂದರು. ನಾಲ್ಕನೆಯವನು ಡ್ರಿಲ್ ಯಂತ್ರದ ಬ್ರಷ್ ತೆಗೆದಿಟ್ಟು, “ಉಜ್ಜಿ ಹಾಕಿಕೊಳ್ಳಿ, ಎಲ್ಲ ಒಂದೇ” ಎಂದ. ಎಲ್ಲ ಒಂದೇ ಅಲ್ಲ. ಡ್ರಿಲ್ಲಿನದು ಬರೀ ಕಪ್ಪು, ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟಿಗೆ ಮಾಡಿದ್ದು. ಸೆಲ್ಫ್ ಮೋಟಾರಿಗೆ ಹನ್ನೆರಡೇ ವೋಲ್ಟಿನಲ್ಲಿ ಹತ್ತಾರು ಆಂಪಿಯರ್ ಹರಿಯಬೇಕು, ಹಾಗಾಗಿ ಅದರ ಬ್ರಷ್ಷಿನಲ್ಲಿ ತಾಮ್ರದ ಪುಡಿ ಬೆರೆತಿರುತ್ತದೆ. ಮುರಿದ ಕಡೆ ನೋಡಿದರೆ ಮಸುಕು ಕೆಂಪು ಹೊಳಪು ಕಾಣುತ್ತದೆ. ಐದನೆಯ ಅಂಗಡಿಯ ಅಜ್ಜ ಬಿಸ್ಕತ್ತಿನ ಡಬ್ಬವೊಂದನ್ನು ಕೌಂಟರಿನ ಮೇಲೆ ಸುರಿದರು. ಹತ್ತಾರು ಬಗೆ. ನನ್ನ ನಾಲ್ಕೂವರೆ ಮಿಲಿಮೀಟರಿನ ಮೋಟನ್ನು ಪಕ್ಕದಲ್ಲಿಟ್ಟು ಒಂದು ಜೋಡಿ ಆರಿಸಿದೆವು. ಅಗಲದಲ್ಲಿ ಕೂದಲೆಳೆಯಷ್ಟು ದಪ್ಪ, ಉದ್ದ ಹನ್ನೊಂದು ಮಿಲಿಮೀಟರ್. ಬ್ರಷ್, ಆಯಿಲ್ ಸೀಲ್, ಮೂರು ಓ ರಿಂಗ್, ಬೇರಿಂಗ್ ಎಲ್ಲ ಸೇರಿ ನಾನೂರ ಇಪ್ಪತ್ತು ರೂಪಾಯಿ.

ಕಾಲುವೆ ತೋಡುವ ಕೆಲಸ ಆ ರಾತ್ರಿಯದು. ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಹಲ್ಲುಗಳ ಪಕ್ಕವನ್ನು ಸಾಣೆಕಲ್ಲಿಗೆ ಉಜ್ಜಿ ತೆಳುವಾಗಿಸಿ, ಬಟ್ಟೆ ಸುತ್ತಿ ಹಿಡಿಕೆ ಮಾಡಿಕೊಂಡೆ. ಒಂದೊಂದು ಪಟ್ಟಿಯ ನಡುವೆಯೂ ಅರ್ಧ ಮಿಲಿಮೀಟರಿನಷ್ಟು ಆಳಕ್ಕೆ, ನನ್ನ ಕಡೆಗೆ ಎಳೆಯುತ್ತ, ತಾಮ್ರಕ್ಕೆ ಗೀರು ಬೀಳದಂತೆ. ಮೊದಲ ಮೂರಕ್ಕೆ ಹತ್ತು ನಿಮಿಷ ಹಿಡಿಯಿತು, ಆಮೇಲೆ ಕೈಗೆ ಲಯ ಸಿಕ್ಕಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿಯನ್ನೆಲ್ಲ ಗುಡಿಸಿ ಮತ್ತೆ ಮೀಟರ್ ಇಟ್ಟು ನೋಡಿದೆ. ಅಂಟು ತೊಳೆಯಲು ಪೆಟ್ರೋಲು ಬಳಸಲಿಲ್ಲ, ಸುರುಳಿಯ ವಾರ್ನಿಷ್ಷಿಗೆ ಒಳ್ಳೆಯದಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿದೆ. ಉತ್ಸಾಹದಲ್ಲಿ ಹೊರಗಿನ ಕೊಳವೆ, ಮುಚ್ಚಳ ಎಲ್ಲವನ್ನೂ ಅದರಿಂದಲೇ ಫಳಫಳ ಎನ್ನಿಸಿದೆ.

ಬೆಸುಗೆಯಲ್ಲಿ ಒಮ್ಮೆ ಸೋತೆ. ಬ್ರಷ್ಷಿನ ಬಾಲ ತಾಮ್ರದ ಎಳೆಗಳನ್ನು ಹೆಣೆದ ಜಡೆ. ಕಾದ ಸೀಸ ಆ ಜಡೆಯೊಳಗೆ ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ. ಏರಿದಷ್ಟೂ ಉದ್ದ ಜಡೆ ಕಡ್ಡಿಯಾಗುತ್ತದೆ. ಕಡ್ಡಿಯಾದ ಜಡೆ ಬ್ರಷ್ಷನ್ನು ಗೂಡಿನೊಳಗೆ ಸರಾಗವಾಗಿ ಜಾರಲು ಬಿಡದು, ಮತ್ತೆ ಮೊದಲಿನ ರೋಗವೇ. ಒಂದನ್ನು ಹಾಗೆ ಹಾಳು ಮಾಡಿ, ಸೋಮವಾರ ಸಂಜೆ ಇನ್ನೊಂದು ಜೋಡಿ ತಂದೆ. ಈ ಸಲ ಬೆಸುಗೆಯ ಜಾಗದ ಪಕ್ಕದಲ್ಲೇ ಜಡೆಯನ್ನು ಚೂಪು ಮೂತಿಯ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದೆ. ಶಾಖವನ್ನು ಇಕ್ಕಳ ಕುಡಿಯಿತು, ಸೀಸ ಅಲ್ಲೇ ನಿಂತಿತು. ಬ್ರಷ್ಷಿನ ಪಕ್ಕಗಳನ್ನು ಗಾಜಿನ ಮೇಲೆ ಹರಡಿದ ಮರಳು ಕಾಗದಕ್ಕೆ ತಿಕ್ಕಿ ಗೂಡಿನಲ್ಲಿ ತಾನಾಗಿ ಜಾರುವಷ್ಟು ಸವೆಸಿದೆ.

ಎರಡನೇ ಶನಿವಾರ ಜೋಡಣೆ. ಸ್ಪ್ರಿಂಗು ಬ್ರಷ್ಷನ್ನು ಮುಂದಕ್ಕೆ ನೂಕುತ್ತಿರುತ್ತದೆ, ಎರಡನ್ನೂ ಹಿಂದಕ್ಕೆ ಹಿಡಿದು ನಡುವೆ ಕಮ್ಯುಟೇಟರ್ ಕೂರಿಸಲು ನಾಲ್ಕು ಕೈ ಬೇಕು. ನನ್ನ ಮಂಡಿಯ ಎಕ್ಸ್‌ರೇ ಫಿಲ್ಮ್ ಬೀರುವಿನ ಮೇಲಿತ್ತು. ಅದರಿಂದ ಎರಡು ಪಟ್ಟಿ ಕತ್ತರಿಸಿ ಬ್ರಷ್ಷಿಗೆ ಅಡ್ಡ ಇಟ್ಟು, ಆರ್ಮೇಚರ್ ಕೂತ ಮೇಲೆ ಎಳೆದುಕೊಂಡೆ. ಇಡೀ ಚಿಕಿತ್ಸೆಯಲ್ಲಿ ಆ ಎಕ್ಸ್‌ರೇ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಕೊಳವೆಯನ್ನು ಮೇಲಿಂದ ಇಳಿಸುವಾಗ ಅಯಸ್ಕಾಂತ ಫಟ್ಟನೆ ಎಳೆದುಕೊಂಡು ತೋರುಬೆರಳನ್ನು ಕಚ್ಚಿತು. ಸೀಲಿನ ತುಟಿಗೆ ಚೂರು ಗ್ರೀಸು, ಹಿಂದಿನ ಬುಷ್ಷಿಗೆ ಒಂದು ಹನಿ ಆಯಿಲು, ಅದಕ್ಕಿಂತ ಹೆಚ್ಚು ಬೇಡ. ಬೋಲ್ಟು ಬಿಗಿದು, ಮೋಟಾರನ್ನು ಚಪ್ಪಲಿ ಕಾಲಲ್ಲಿ ನೆಲಕ್ಕೆ ಒತ್ತಿ ಹಿಡಿದು ಬ್ಯಾಟರಿಯ ತಂತಿ ಮುಟ್ಟಿಸಿದೆ. ಜಿಗಿದು ಗಿರ್ರನೆ ತಿರುಗಿತು. ಮಗಳು ಚಪ್ಪಾಳೆ ತಟ್ಟಿದಳು. ಅಪ್ಪ ಪೇಪರ್ ಮಡಿಸಿದರು.

ಬೈಕಿಗೆ ಕೂರಿಸಿ ಗುಂಡಿ ಒತ್ತಿದೆ. ‘ಝುಯ್‌ಯ್’ ಎಂದು ಮೋಟಾರು ತಿರುಗಿತು. ಎಂಜಿನ್ ಮಿಸುಕಲಿಲ್ಲ. ಮತ್ತೆ ಒತ್ತಿದೆ. ಮಿಕ್ಸಿಯಲ್ಲಿ ಏನೂ ಹಾಕದೆ ತಿರುಗಿಸಿದಂತೆ ಬರೀ ಸದ್ದು. ಎದೆ ಧಸಕ್ಕೆಂದಿತು. ಮೋಟಾರಿಗೂ ಎಂಜಿನ್ನಿಗೂ ನಡುವೆ ಒಂದೇ ದಿಕ್ಕಿಗೆ ಕಚ್ಚಿಕೊಳ್ಳುವ ಒನ್ ವೇ ಕ್ಲಚ್ ಇರುತ್ತದೆ, ಅದು ಹೋಗಿದೆ ಎಂದುಕೊಂಡೆ. ಅದಕ್ಕೆ ಎಂಜಿನ್ನಿನ ಪಕ್ಕದ ಕವರನ್ನೇ ಬಿಚ್ಚಬೇಕು. ಗ್ಯಾರೇಜಿನ ಹುಡುಗನ ಮುಖ ಕಣ್ಣ ಮುಂದೆ ಬಂತು. ವೈಂಡಿಂಗ್ ಅಂಗಡಿಯ ಯಜಮಾನರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಕೊಳವೆಯ ಗುರುತು ಕೂಡಿಸಿದಿರಾ?”

ಗುರುತು! ಮಾರ್ಕರ್ ಗೆರೆಯನ್ನು ನಾನೇ ಕಾಂಟ್ಯಾಕ್ಟ್ ಕ್ಲೀನರಿನಿಂದ ಫಳಫಳ ಎನ್ನಿಸಿದ್ದೆ. ಮೊಬೈಲಿನ ಫೋಟೋ ತೆರೆದು ನೋಡಿದರೆ, ಆರು ಫೋಟೋಗಳಲ್ಲೂ ಗೆರೆಯಿರುವ ಜಾಗದ ಮೇಲೆ ನನ್ನ ಹೆಬ್ಬೆರಳು ವಿರಾಜಮಾನವಾಗಿದೆ. ಈ ಮೋಟಾರಿನ ಕೊಳವೆಯೊಳಗೆ ಎದುರುಬದುರಾಗಿ ಎರಡು ಅಯಸ್ಕಾಂತ, ಒಂದರ ಉತ್ತರ ಧ್ರುವ ಒಳಮುಖ, ಇನ್ನೊಂದರದು ದಕ್ಷಿಣ. ಕೊಳವೆ ಅರ್ಧ ಸುತ್ತು ತಿರುಗಿ ಕೂತರೆ ಉತ್ತರ ದಕ್ಷಿಣಗಳು ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೆ ಒನ್ ವೇ ಕ್ಲಚ್ ಕಚ್ಚುವುದಿಲ್ಲ. ನೆಲದ ಮೇಲೆ ತಿರುಗಿಸಿ ನೋಡಿದಾಗ ತಿರುಗಿತೆಂಬ ಸಂಭ್ರಮದಲ್ಲಿ ಯಾವ ಕಡೆಗೆ ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಕ್ಲಚ್ಚಿಗೆ ಏನೂ ಆಗಿರಲಿಲ್ಲ, ಅದು ತನ್ನ ಕರ್ತವ್ಯವನ್ನೇ ಮಾಡುತ್ತಿತ್ತು.

ಮತ್ತೆ ಎಲ್ಲ ಬಿಚ್ಚಿ, ಟಾರ್ಚ್ ಬಿಟ್ಟು ಹುಡುಕಿದರೆ ಕೊಳವೆಯ ಅಂಚಿನಲ್ಲಿ ಬಣ್ಣದಡಿ ಕಾರ್ಖಾನೆಯವರೇ ಕೊರೆದ ಸಣ್ಣ ಗೀರು, ಮುಚ್ಚಳದಲ್ಲೂ ಅಂಥದ್ದೇ ಒಂದು. ಸೇರಿಸಿ, ಈ ಸಲ ಮೊಳೆಯಿಂದ ಆಳವಾಗಿ ಗೀಚಿಯೂ ಇಟ್ಟೆ. ಎಕ್ಸ್‌ರೇ ಪಟ್ಟಿಗಳು ಎರಡನೇ ಸಲವೂ ಕೆಲಸಕ್ಕೆ ಬಂದವು. ಕತ್ತಲಾಗುವ ಹೊತ್ತಿಗೆ ಗುಂಡಿ ಒತ್ತಿದರೆ ಎಂಜಿನ್ ಹೊತ್ತಿಕೊಂಡಿತು, ಆದರೆ ಮೊದಲ ಸುತ್ತಿಗೆ ಸ್ವಲ್ಪ ಏದುಸಿರು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಮೋಟಾರಿನ ಮೈಗೆ ಇಟ್ಟು ಒತ್ತಿಸಿದೆ: 0.9 ವೋಲ್ಟ್. ಅಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. ಕರೆಂಟೇ ಹರಿಯದಿದ್ದಾಗ ಈ ಸೋರಿಕೆ ಮೀಟರಿಗೆ ಕಂಡಿರಲಿಲ್ಲ. ಅರ್ತ್ ತಂತಿ ಎಂಜಿನ್ನಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು, ಅದರ ಮೇಲೆ ಬಣ್ಣ. ಕೆರೆದು ಬಿಗಿದ ಮೇಲೆ 0.15ಕ್ಕೆ ಇಳಿಯಿತು. ಎಂಜಿನ್ ತಿರುಗಿಸುವಾಗ ಬ್ಯಾಟರಿ ಈಗ 10.6ರಲ್ಲಿ ನಿಲ್ಲುತ್ತದೆ. ಒಟ್ಟು ಖರ್ಚು, ಹಾಳು ಮಾಡಿದ ಬ್ರಷ್ಷೂ ಸೇರಿ, ಆರುನೂರ ಎಪ್ಪತ್ತು ರೂಪಾಯಿ. ಬಸ್ ಚಾರ್ಜು ಬೇರೆ.

ಹಳೆಯ ಬ್ರಷ್ಷಿನ ಮೋಟುಗಳು ಮಗಳ ಕೈಗೆ ಸಿಕ್ಕವು. ಸೀಸದ ಕಡ್ಡಿಗಿಂತ ಕಪ್ಪಾಗಿ ಬರೆಯುತ್ತವೆ ಎಂದು ಅವಳೇ ಕಂಡುಹಿಡಿದು ಪೋರ್ಟಿಕೋದ ಕೆಂಪು ಗಾರೆ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದಿದ್ದಾಳೆ. ಮಳೆಯ ಎರಚಲಿಗೂ ಹೋಗಿಲ್ಲ, ಸೋಪಿಗೂ ಹೋಗಿಲ್ಲ. ಹೆಂಡತಿಯ ಒತ್ತಾಯಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿಯಲ್ಲಿ ಉಳಿದಿದ್ದಷ್ಟನ್ನೂ ಸಿಂಪಡಿಸಿ ಉಜ್ಜಿದೆ. ನನ್ನ ಮಾರ್ಕರ್ ಗೆರೆಯನ್ನು ಕ್ಷಣದಲ್ಲಿ ಅಳಿಸಿದ ಅದು ಈ ಗೆರೆಗಳನ್ನು ಮುಟ್ಟಲೂ ಇಲ್ಲ.